ಸೋನ್ಯಾ ಕೊಟ್ಟ ಚಹಾ, ಬಾಂಡ್ ಕಂಡ ಉದಯಪುರ

1983ರ ‘ಆಕ್ಟೋಪಸಿ’ ಚಿತ್ರದಲ್ಲಿ ಜೇಮ್ಸ್ ಬಾಂಡ್ ಉದಯಪುರಕ್ಕೆ ಬಂದಿಳಿಯುತ್ತಾನೆ. ದಡದಲ್ಲಿ ಒಬ್ಬ ಹಾವಾಡಿಗ ಕೂತಿದ್ದಾನೆ. ಅವನ ಪುಂಗಿಯಿಂದ ಹೊರಡುವುದು ಬಾಂಡ್ ಚಿತ್ರಗಳ ಶೀರ್ಷಿಕೆ ಸಂಗೀತ. ಅದೇ ಗುರುತಿನ ಸನ್ನೆ. ಹಾವಾಡಿಗನ ವೇಷದಲ್ಲಿರುವವನು ಬ್ರಿಟಿಷ್ ಗುಪ್ತಚರ ಸಂಸ್ಥೆಯ ಸ್ಥಳೀಯ ಸಹಾಯಕ. ಆ ಪಾತ್ರ ಮಾಡಿದವರು ವಿಂಬಲ್ಡನ್‌ನಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಆಡಿದ್ದ ನಮ್ಮ ವಿಜಯ್ ಅಮೃತರಾಜ್. ಮುಂದೆ ಆಟೊರಿಕ್ಷಾದಲ್ಲಿ ಬೆನ್ನಟ್ಟುವ ದೃಶ್ಯವಿದೆ. ಆಟೊ ನುಗ್ಗುವ ಬೀದಿಯಲ್ಲಿ ಕತ್ತಿ ನುಂಗುವವನಿದ್ದಾನೆ, ಕೆಂಡ ತುಳಿಯುವವನಿದ್ದಾನೆ, ಮೊಳೆಯ ಹಾಸಿಗೆಯ ಸಾಧುವಿದ್ದಾನೆ, ಒಂಟೆಯೂ ಇದೆ. ತರಕಾರಿ ಕೊಳ್ಳಲು ಬಂದವರು ಮಾತ್ರ ಹುಡುಕಿದರೂ ಸಿಗುವುದಿಲ್ಲ. ಬೆನ್ನಟ್ಟಿದವರನ್ನು ತಡೆಯಲು ಬಾಂಡ್ ನೋಟುಗಳನ್ನು ತೂರುತ್ತಾನೆ, ಜನ ಮುಗಿಬೀಳುತ್ತಾರೆ. ಜೂಜಿನಲ್ಲಿ ಗೆದ್ದ ಹಣದಲ್ಲಿ ಒಂದಿಷ್ಟನ್ನು ಭಾರತೀಯ ಸಹೋದ್ಯೋಗಿಯ ಕೈಗಿಟ್ಟು, ಇನ್ನು ಕೆಲವು ವಾರ ನಿಮ್ಮ ಊಟದ ಸಾರಿಗೆ ಚಿಂತೆಯಿಲ್ಲ ಎಂಬಂಥ ಮಾತೊಂದನ್ನು ಎಸೆಯುತ್ತಾನೆ. ರಾತ್ರಿ ಅರಮನೆಯ ಊಟಕ್ಕೆ ಕುರಿತಲೆ. ಖಳನಾಯಕ ಕಮಲ್ ಖಾನ್ ಅದರ ಕಣ್ಣುಗುಡ್ಡೆಯನ್ನೇ ಬಾಯಿಗೆ ಹಾಕಿಕೊಳ್ಳುತ್ತಾನೆ. ಈ ಅಫ್ಘನ್ ರಾಜಕುಮಾರನ ಪಾತ್ರ ಮಾಡಿದ್ದು ಫ್ರೆಂಚ್ ನಟ ಲೂಯಿ ಜೂರ್ಡಾನ್. ಕಬೀರ್ ಬೇಡಿಗೆ ಸಿಕ್ಕಿದ್ದು ಪೇಟ ಕಟ್ಟಿದ, ಮಾತು ಕಡಿಮೆಯ ಅಂಗರಕ್ಷಕನ ವೇಷ. ಸರೋವರದ ನಡುವಿನ ಅರಮನೆಯಲ್ಲಿ ಬರೀ ಹೆಂಗಸರು. ಅಲ್ಲಿಗೆ ಗಂಡಸರಿಗೆ ಪ್ರವೇಶವಿಲ್ಲ, ಬಾಂಡ್ ಒಬ್ಬನನ್ನು ಬಿಟ್ಟು.

ಇದನ್ನೆಲ್ಲ ನೋಡಿ ಸಿಟ್ಟು ಮಾಡಿಕೊಳ್ಳುವುದು ಸುಲಭ, ನಕ್ಕು ಮರೆಯುವುದು ಇನ್ನೂ ಸುಲಭ. ನನಗೆ ಕುತೂಹಲ ಹುಟ್ಟಿಸುವುದು ಬೇರೆ ಸಂಗತಿ. ಬೇಹುಗಾರಿಕೆ ಎಂಬ ಕಸುಬಿನ ಮೊದಲ ನಿಯಮವೇ ಯಾರ ಕಣ್ಣಿಗೂ ಬೀಳದಿರುವುದು. ಆ ಕಸುಬಿನ ಕಥೆಗಳಲ್ಲಿ ಮಾತ್ರ ಹೆಣ್ಣು ಬಂದೊಡನೆ ಎಲ್ಲರ ಕಣ್ಣೂ ಅವಳ ಮೇಲಿರಬೇಕು. ಪರದೇಶದವನು ಬಂದೊಡನೆ ಅವನ ಕೇಡಿತನ ಮುಖದ ಮೇಲೇ ಬರೆದಿರಬೇಕು. ನಿಜವಾದ ಗುಪ್ತಚರರು ಜನರ ಪೂರ್ವಗ್ರಹವನ್ನೇ ಬಂಡವಾಳ ಮಾಡಿಕೊಂಡು ಬದುಕಿದವರು. ಅವರ ಕಥೆ ಬರೆದವರು ಆ ಪೂರ್ವಗ್ರಹವನ್ನು ನಂಬಿಕೊಂಡೇ ಕೂತರು.

ಬಾಂಡ್‌ನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ಅವರನ್ನೇ ನೋಡಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾ ಗುಪ್ತಚರ ವಿಭಾಗದಲ್ಲಿ ದುಡಿದವರು, ಜರ್ಮನ್ ಸಂಕೇತಗಳನ್ನು ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕ್ ಏನು ಮಾಡುತ್ತಿದೆಯೆಂದು ಬಲ್ಲವರು. ಅಲ್ಲಿ ದುಡಿಯುತ್ತಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಯುದ್ಧ ಮುಗಿದು, 1952ರಲ್ಲಿ ಜಮೈಕಾದ ತಮ್ಮ ಮನೆಯಲ್ಲಿ ಟೈಪ್‌ರೈಟರಿನ ಮುಂದೆ ಕೂತಾಗ ಅವರಿಂದ ಬಂದದ್ದು ‘ಕ್ಯಾಸಿನೊ ರಾಯಲ್’. ಅದರಲ್ಲಿ ಕೆಲಸಕ್ಕೆ ಹೆಣ್ಣೊಬ್ಬಳು ಜೊತೆಗೆ ಬರುತ್ತಾಳೆಂದು ಕೇಳಿದಾಗಲೇ ನಾಯಕ ಮುಖ ಗಂಟಿಕ್ಕುತ್ತಾನೆ. ಕಡೆಯಲ್ಲಿ ಅವಳು ಎದುರು ಪಕ್ಷದ ಒತ್ತಡಕ್ಕೆ ಸಿಕ್ಕಿದವಳೆಂದು ತಿಳಿದು, ಅವಳ ಸಾವಿಗೆ ಒಂದು ಬೈಗುಳದ ಶ್ರದ್ಧಾಂಜಲಿ ಸಲ್ಲಿಸುತ್ತಾನೆ. ಮುಂದಿನ ಪುಸ್ತಕಗಳಲ್ಲಿ ಅಚ್ಚು ಗಟ್ಟಿಯಾಯಿತು. ಇಟಲಿಯ ಉಂಬರ್ಟೊ ಇಕೊ 1965ರಲ್ಲೇ ಈ ಅಚ್ಚನ್ನು ಬಿಚ್ಚಿ ತೋರಿಸಿದ್ದರು: ಬಾಂಡ್ ಕಥೆ ಒಂದು ಆಟ, ಕಾಯಿಗಳು ಮೊದಲೇ ನಿಗದಿ. ಖಳ ಸಾಮಾನ್ಯವಾಗಿ ಬೆರಕೆ ರಕ್ತದವನು, ಇಂಗ್ಲಿಷರವನಲ್ಲ, ದೇಹದಲ್ಲಿ ಏನಾದರೊಂದು ಊನವಿರುವವನು. ಹೆಣ್ಣು ಅವನ ಹಿಡಿತದಲ್ಲಿರುವವಳು, ಬಾಂಡ್ ಬಂದು ಬಿಡಿಸುವವನು.

‘ಡಾಕ್ಟರ್ ನೋ’ ಚಿತ್ರ ತೆರೆಗೆ ಬಂದದ್ದು 1962ರ ಅಕ್ಟೋಬರಿನಲ್ಲಿ. ಕಥೆ ನಡೆಯುವ ಜಮೈಕಾ ಬ್ರಿಟಿಷರಿಂದ ಸ್ವತಂತ್ರವಾಗಿದ್ದು ಅದಕ್ಕೆ ಎರಡೇ ತಿಂಗಳ ಹಿಂದೆ, ಆಗಸ್ಟ್ 6ರಂದು. ತೆರೆಯ ಮೇಲೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ. ಅಲ್ಲಿನ ಕಪ್ಪು ದೋಣಿಗಾರ ಕ್ವಾರೆಲ್‌ಗೆ ಬಾಂಡ್ ತನ್ನ ಬೂಟು ತರಲು ಹೇಳುತ್ತಾನೆ. ಅರ್ಧ ಜರ್ಮನ್, ಅರ್ಧ ಚೀನಿಯಾದ ಖಳನ ಪಾತ್ರಕ್ಕೆ ಕೆನಡಾದಲ್ಲಿ ಹುಟ್ಟಿದ ಜೋಸೆಫ್ ವೈಸ್‌ಮನ್ ಅವರಿಗೆ ಕಣ್ಣಿನ ಮೇಕಪ್ ಮಾಡಲಾಯಿತು. ಈ ಚೀನೀ ಮಹಾಖಳನ ಅಜ್ಜ ಸ್ಯಾಕ್ಸ್ ರೋಮರ್‌ನ ಫು ಮಾಂಚು. 1913ರಿಂದ ಇಂಗ್ಲಿಷ್ ಓದುಗರನ್ನು ಹೆದರಿಸುತ್ತ ಬಂದವನು, ತೆರೆಯ ಮೇಲೆ ಬೋರಿಸ್ ಕಾರ್ಲಾಫ್, ಕ್ರಿಸ್ಟೋಫರ್ ಲೀ ಮುಂತಾದ ಬಿಳಿ ನಟರ ಮುಖ ತೊಟ್ಟವನು. ‘ಗೋಲ್ಡ್‌ಫಿಂಗರ್’ನ ಕೊರಿಯನ್ ಬಂಟ ಆಡ್‌ಜಾಬ್ ಟೊಪ್ಪಿಗೆ ಎಸೆದು ಕೊಲ್ಲುತ್ತಾನೆ, ಬಾಯಿ ಬಿಡುವುದಿಲ್ಲ. ಆ ಪಾತ್ರ ಮಾಡಿದ ಹೆರಾಲ್ಡ್ ಸಕಾಟಾ ಕೊರಿಯದವರಲ್ಲ, ಹವಾಯಿಯ ಜಪಾನಿ ಮೂಲದ ಅಮೆರಿಕನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿ ಬೆಳ್ಳಿ ಗೆದ್ದವರು. ಕೊರಿಯ, ಜಪಾನು ಎಲ್ಲ ಒಂದೇ ಎಂಬ ಲೆಕ್ಕ. ಜಪಾನಿನಲ್ಲೇ ನಡೆಯುವ 1967ರ ‘ಯು ಓನ್ಲಿ ಲಿವ್ ಟ್ವೈಸ್’ನಲ್ಲಿ ಶಾನ್ ಕಾನರಿಯನ್ನೇ ಜಪಾನಿ ಮೀನುಗಾರನಾಗಿಸಿದರು. ಆರಡಿ ಮೀರಿದ ಆ ಸ್ಕಾಟ್ಲೆಂಡಿನವನ ಮೇಲೆ ಊರಿನವರಿಗೆ ಗುಮಾನಿಯೇ ಬರುವುದಿಲ್ಲ! ಚಿತ್ರಕಥೆ ಬರೆದವರು ಮಕ್ಕಳ ಪುಸ್ತಕಗಳಿಗೆ ಹೆಸರಾದ ರೋಲ್ಡ್ ಡಾಲ್.

ಹೆಂಗಸರ ಪಾಡು ಇನ್ನೂ ವಿಚಿತ್ರ. ‘ಡಾಕ್ಟರ್ ನೋ’ದಲ್ಲಿ ಕಡಲಿನಿಂದ ಎದ್ದುಬರುವ ಅರ್ಸುಲಾ ಆಂಡ್ರೆಸ್ ಅವರ ದೃಶ್ಯ ಸಿನಿಮಾ ನೋಡದವರಿಗೂ ಗೊತ್ತು. ಆ ಚಿತ್ರದಲ್ಲಿ ಮಾತಾಡುವ ಕಂಠ ಆಕೆಯದಲ್ಲ, ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ನಿಕಿ ವಾನ್ ಡೆರ್ ಝೈಲ್ ಅವರದು. ಅದೇ ಚಿತ್ರದ ಇನ್ನೊಬ್ಬ ನಟಿ ಯೂನಿಸ್ ಗೇಸನ್, ‘ಗೋಲ್ಡ್‌ಫಿಂಗರ್’ನ ಶರ್ಲಿ ಈಟನ್, ‘ಥಂಡರ್‌ಬಾಲ್’ನ ಕ್ಲಾಡಿನ್ ಓಜೆ ಇವರಿಗೆಲ್ಲ ಅದೇ ಕಂಠ. ಕಡಲ ತಡಿಯಲ್ಲಿ ಚಿಪ್ಪು ಹೆಕ್ಕುವವಳು, ಮೈಗೆಲ್ಲ ಚಿನ್ನದ ಬಣ್ಣ ಬಳಿದು ಸಾಯುವವಳು, ಖಳನ ಹಡಗಿನಲ್ಲಿರುವವಳು, ಎಲ್ಲರೂ ಕಿವಿಗೆ ಒಬ್ಬಳೇ. ನಿಕಿಯ ಹೆಸರು ಪರದೆಯ ಮೇಲೆ ಬರಲೇ ಇಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಗೋಲ್ಡ್‌ಫಿಂಗರ್ ಆಗಿದ್ದ ಗೆರ್ಟ್ ಫ್ರೋಬೆಗೂ ಬೇರೆಯವರೇ ದನಿ ಕೊಟ್ಟರು. ಅವರ ಇಂಗ್ಲಿಷ್ ಸಾಲದಾಗಿತ್ತು. ಆದರೆ ಚಿತ್ರದಿಂದ ಚಿತ್ರಕ್ಕೆ ಖಳರೆಲ್ಲ ಒಂದೇ ದನಿಯಲ್ಲಿ ಮಾತಾಡಲಿ ಎಂದು ಯಾರಿಗೂ ಅನಿಸಲಿಲ್ಲ. ‘ಥಂಡರ್‌ಬಾಲ್’ನಲ್ಲಿ ಆರೋಗ್ಯಧಾಮದ ದಾದಿಯ ಕೆಲಸ ಹೋಗುವಂತೆ ಮಾಡಬಲ್ಲೆನೆಂಬ ಸುಳಿವು ಕೊಟ್ಟು ಬಾಂಡ್ ಅವಳನ್ನು ಒಲಿಸಿಕೊಳ್ಳುತ್ತಾನೆ. ಇಂದಿನ ಕಚೇರಿಯಲ್ಲಾದರೆ ಅದು ಆಂತರಿಕ ದೂರು ಸಮಿತಿಯ ಮುಂದೆ ಹೋಗುವ ಪ್ರಕರಣ. ಅರ್ಧ ಶತಮಾನ ಕಳೆದರೂ ಬುದ್ಧಿ ಪೂರ್ತಿ ಬದಲಾಗಲಿಲ್ಲ: 2012ರ ‘ಸ್ಕೈಫಾಲ್’ನಲ್ಲಿ ಚಿಕ್ಕಂದಿನಲ್ಲೇ ಮಾರಾಟವಾದ ಸೆವೆರೀನ್ ತನ್ನ ಭಯ ಹೇಳಿಕೊಂಡ ಮೇಲೆ ಬಾಂಡ್ ಹೇಳದೆ ಕೇಳದೆ ಅವಳ ಸ್ನಾನದ ಕೋಣೆಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಖಳ ಅವಳ ತಲೆಯ ಮೇಲೆ ವಿಸ್ಕಿ ಲೋಟ ಇಟ್ಟು ಗುರಿಯ ಆಟ ಆಡುತ್ತಾನೆ. ಅವಳು ಸತ್ತ ಮೇಲೆ ಕಥೆ ಅವಳತ್ತ ತಿರುಗಿಯೂ ನೋಡುವುದಿಲ್ಲ.

ಈ ಎರಡು ಪೂರ್ವಗ್ರಹಗಳೂ, ಅಂದರೆ ಹೆಣ್ಣಿನ ಬಗೆಗಿನದು ಮತ್ತು ಪೂರ್ವದೇಶಗಳ ಬಗೆಗಿನದು, ಒಬ್ಬಳೇ ವ್ಯಕ್ತಿಯ ಮೇಲೆ ಬಂದು ಕೂತದ್ದು ಮಾತಾ ಹಾರಿಯ ವಿಷಯದಲ್ಲಿ. ಆಕೆ 1876ರಲ್ಲಿ ನೆದರ್ಲೆಂಡ್ಸಿನ ಲೇವಾರ್ಡೆನ್‌ನಲ್ಲಿ ಟೊಪ್ಪಿಗೆ ವ್ಯಾಪಾರಿಯೊಬ್ಬನ ಮಗಳಾಗಿ ಹುಟ್ಟಿದ ಮಾರ್ಗರೀತಾ ಝೆಲ್ಲೆ. ಡಚ್ ಸೇನಾಧಿಕಾರಿಯನ್ನು ಮದುವೆಯಾಗಿ ಕೆಲವು ವರ್ಷ ಜಾವಾ ಕಡೆ ಇದ್ದಳು. ಮದುವೆ ಮುರಿದು ಕೈಯಲ್ಲಿ ಕಾಸಿಲ್ಲದೆ ಪ್ಯಾರಿಸ್ ಸೇರಿದಳು. 1905ರಲ್ಲಿ ಅಲ್ಲಿನ ಗೀಮೆ ಮ್ಯೂಸಿಯಮ್ಮಿನಲ್ಲಿ ಶಿವನ ಮುಂದೆ ಕುಣಿಯುವ ದೇವಾಲಯ ನರ್ತಕಿಯಾಗಿ ಪ್ರತ್ಯಕ್ಷಳಾದಳು. ಆಕೆ ಕಟ್ಟಿ ಹೇಳುತ್ತಿದ್ದ ಕಥೆ ಹೀಗಿತ್ತು: ತಾನು ಹುಟ್ಟಿದ್ದು ದಕ್ಷಿಣ ಭಾರತದ ಮಲಬಾರ್ ಕರಾವಳಿಯ ಜಾಫ್ನಾಪಟ್ಟಣದಲ್ಲಿ, ತಾಯಿ ಕಂದಸ್ವಾಮಿ ಗುಡಿಯ ನರ್ತಕಿ, ತನ್ನನ್ನು ಹೆತ್ತ ದಿನವೇ ತೀರಿಕೊಂಡಳು, ಸಾಕಿದವರು ಗುಡಿಯ ಅರ್ಚಕರು. ಜಾಫ್ನಾ ಇರುವುದು ಶ್ರೀಲಂಕಾದ ತುದಿಯಲ್ಲಿ, ಮಲಬಾರಿನಲ್ಲಲ್ಲ. ಪ್ಯಾರಿಸ್ಸಿನ ಗಣ್ಯರಲ್ಲಿ ಯಾರೂ ನಕ್ಷೆ ತೆರೆದು ನೋಡುವ ಗೋಜಿಗೆ ಹೋಗಲಿಲ್ಲ. ಒಂದೊಂದಾಗಿ ಮುಸುಕು ಕಳಚುವ ಕುಣಿತಕ್ಕೆ ಭಾರತದ ಹೆಸರೊಂದಿದ್ದರೆ ಅದು ಕಲೆ, ಧರ್ಮ, ಜ್ಞಾನ ಎಲ್ಲ ಆಗುತ್ತಿತ್ತು. ಇಲ್ಲವಾದರೆ ಪೊಲೀಸರು ಬರುತ್ತಿದ್ದರು.

ಮೊದಲ ಮಹಾಯುದ್ಧ ಬಂತು, ವಯಸ್ಸೂ ಆಯಿತು. ಜರ್ಮನರಿಂದ ಹಣ ಪಡೆದದ್ದು ನಿಜ, ಎಚ್21 ಎಂಬ ಸಂಕೇತನಾಮ ಇದ್ದದ್ದೂ ನಿಜ. ಫ್ರೆಂಚರಿಗಾಗಿ ಕೆಲಸ ಮಾಡಲು ಒಪ್ಪಿದ್ದೂ ನಿಜ. ಯಾರಿಗೂ ಅವಳಿಂದ ಹೇಳಿಕೊಳ್ಳುವಂಥ ಗುಟ್ಟು ಸಿಕ್ಕಿರಲಿಲ್ಲ ಎಂಬುದು ಬಹುತೇಕ ಇತಿಹಾಸಕಾರರ ಮಾತು. ಆದರೆ 1917 ಫ್ರಾನ್ಸಿಗೆ ಕೆಟ್ಟ ವರ್ಷ. ಸೋಲಿನ ಮೇಲೆ ಸೋಲು. ಸೈನಿಕರೇ ದಂಗೆ ಎದ್ದಿದ್ದರು. ಹತ್ತಾರು ಸಾವಿರ ಸೈನಿಕರ ಸಾವಿಗೆ ಸೇನಾಪತಿಗಳ ತಪ್ಪೆನ್ನುವುದಕ್ಕಿಂತ, ಅಧಿಕಾರಿಗಳನ್ನು ಹಾಸಿಗೆಗೆ ಸೆಳೆದು ಗುಟ್ಟು ಕದ್ದ ಪೂರ್ವದೇಶದ ಮಾಯಾವಿನಿ ಕಾರಣ ಎನ್ನುವುದು ಎಲ್ಲರಿಗೂ ಹಿತವಾಗಿತ್ತು. ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಯಿತು. ಅಕ್ಟೋಬರ್ 15ರ ಬೆಳಿಗ್ಗೆ ವಿನ್ಸೆನ್ನಿನಲ್ಲಿ ಗುಂಡಿಟ್ಟು ಕೊಂದರು. ಹೊಟ್ಟೆಪಾಡಿಗೆ ತೊಟ್ಟ ವೇಷವೇ ಅವಳ ವಿರುದ್ಧ ಸಾಕ್ಷಿಯಾಯಿತು. 1931ರಲ್ಲಿ ಗ್ರೆಟಾ ಗಾರ್ಬೊ ತೆರೆಯ ಮೇಲೆ ಆ ವೇಷವನ್ನು ಮತ್ತೆ ತೊಟ್ಟು ಲೋಕಪ್ರಸಿದ್ಧಗೊಳಿಸಿದರು. ಅಲ್ಲಿಂದಾಚೆ ಬೇಹುಗಾರ್ತಿ ಎಂದರೆ ಅದೇ ಚಿತ್ರ.

ಈಗ ಕಸುಬು ಬಲ್ಲವರ ಮಾತು ಕೇಳೋಣ. ಅದಕ್ಕೆ ಮೈಸೂರಿಗೇ ಬರಬೇಕು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು; 1909ರಲ್ಲಿ ಅಚ್ಚು ಹಾಕಿಸಿದರು. ಅದರ ಮೊದಲ ಅಧಿಕರಣದಲ್ಲೇ ಗೂಢಪುರುಷರ ನೇಮಕದ ವಿವರವಿದೆ. ಹೆಂಗಸರಲ್ಲಿ ಅಲ್ಲಿ ಮೊದಲು ಕಾಣುವವಳು ಯಾರು? ಬಡ ಬ್ರಾಹ್ಮಣ ವಿಧವೆ. ಜೀವನೋಪಾಯ ಬೇಕಾದವಳು, ಮಾತಿನಲ್ಲಿ ಗಟ್ಟಿಗಿತ್ತಿ, ಸನ್ಯಾಸಿನಿಯ ವೇಷದವಳು. ಅಂತಃಪುರದಲ್ಲಿ ಅವಳಿಗೆ ಮರ್ಯಾದೆ ಇರುವುದರಿಂದ ಮಹಾಮಾತ್ಯರ ಮನೆಗಳಿಗೆ ಧಾರಾಳವಾಗಿ ಹೋಗಿಬರಬಲ್ಲಳು. ಮನೆಯೊಳಗಿನ ಸುದ್ದಿ ತರಲು ಅಡುಗೆಯವರು, ಸ್ನಾನ ಮಾಡಿಸುವವರು, ನೀರು ಹೊರುವವರು. ಜೊತೆಗೆ ಕುಬ್ಜರು, ಮೂಕರು, ಕಿವುಡರು, ಕುರುಡರ ಹಾಗೆ ನಟಿಸುವವರು. ಯಾರ ಮುಂದೆ ಜನ ನಾಲಗೆ ಬಿಗಿ ಹಿಡಿಯುವುದಿಲ್ಲವೋ ಅಂಥವರ ಪಟ್ಟಿ ಅದು. ಕೌಟಿಲ್ಯ ಹೆಣ್ಣಿನ ಮೋಹವನ್ನು ಬಳಸಲು ಹಿಂಜರಿದವನೇನಲ್ಲ, ಗಣಸಂಘಗಳ ಮುಖ್ಯರ ನಡುವೆ ಜಗಳ ಹಚ್ಚಲು ಆ ದಾರಿಯನ್ನೂ ಹೇಳುತ್ತಾನೆ. ಆದರೆ ದಿನನಿತ್ಯದ ಕೆಲಸಕ್ಕೆ ಅವನು ನೆಚ್ಚಿದ್ದು ಸನ್ಯಾಸಿನಿ ವೇಷದ ವಿಧವೆಯನ್ನು. ನಮ್ಮ ಜನರಿಗೆ ನೆನಪಿರುವುದು ಮಾತ್ರ ‘ಮುದ್ರಾರಾಕ್ಷಸ’ದ ವಿಷಕನ್ಯೆ.

ಗಮನಕ್ಕೆ ಬಾರದವರನ್ನು ಬಳಸುವ ಈ ಜಾಣ್ಮೆಯನ್ನು ಅಧಿಕಾರ ಉಳಿಸಿಕೊಳ್ಳಲು ಬ್ರಿಟಿಷರೂ ಕಲಿತರು. 1860ರ ದಶಕದಲ್ಲಿ ಟಿಬೆಟ್ಟಿಗೆ ಬಿಳಿಯರಿಗೆ ಪ್ರವೇಶವಿರಲಿಲ್ಲ. ಕುಮಾವೂಂನ ಶಾಲಾ ಮೇಷ್ಟ್ರು ನೈನ್ ಸಿಂಗ್ ರಾವತ್ ಅವರನ್ನು ಯಾತ್ರಿಕನ ವೇಷದಲ್ಲಿ ಕಳಿಸಿದರು. ಜಪಮಾಲೆಯಲ್ಲಿ 108ರ ಬದಲು 100 ಮಣಿ, ನೂರು ಹೆಜ್ಜೆಗೊಂದು ಮಣಿ ಸರಿಸಿ ದೂರ ಅಳೆಯಲು. ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಟಿಪ್ಪಣಿ ಚೀಟಿ. ಪೂರ್ವದೇಶದವರು ಸದಾ ಜಪದಲ್ಲಿ ಮುಳುಗಿದವರು ಎಂಬ ನಂಬಿಕೆಯೇ ಇಲ್ಲಿ ರಕ್ಷಾಕವಚ. ಕಿಪ್ಲಿಂಗ್ 1901ರ ‘ಕಿಮ್’ನಲ್ಲಿ ಇಂಥದೇ ಒಬ್ಬ ಬಂಗಾಳಿ ಬಾಬುವನ್ನು ತಂದರು. ಅವನು ಮಾತು ಮಾತಿಗೆ ನಗೆಪಾಟಲಾಗುತ್ತಾನೆ, ಆದರೆ ಹಿಮಾಲಯದಲ್ಲಿ ರಷ್ಯನ್ ಕಡೆಯವರಿಗೆ ಮಣ್ಣು ಮುಕ್ಕಿಸುವವನೂ ಅವನೇ. ಸಾಮ್ರಾಜ್ಯದ ಅಹಂಕಾರ ಎಷ್ಟೇ ಇದ್ದರೂ ಕಿಪ್ಲಿಂಗ್‌ಗೆ ಕಸುಬಿನ ಒಳಗುಟ್ಟು ಗೊತ್ತಿತ್ತು ಅನ್ನಿಸುತ್ತದೆ. ಎಂಬತ್ತು ವರ್ಷದ ಮೇಲೆ ಬಾಂಡ್ ಚಿತ್ರದವರು ಅದೇ ಭಾರತಕ್ಕೆ ಬಂದು ಹಾವಾಡಿಗನನ್ನಷ್ಟೇ ಕಂಡರು.

ಎರಡನೇ ಮಹಾಯುದ್ಧದ ಬೇಹುಗಾರ್ತಿ ನೂರ್ ಇನಾಯತ್ ಖಾನ್ ಅವರ ಕಥೆಗೆ ನಮ್ಮ ಕಡೆಯ ನಂಟೂ ಇದೆ. ತಂದೆ ಬರೋಡಾದ ಸಂಗೀತಗಾರ, ಸೂಫಿ ಗುರು ಹಜರತ್ ಇನಾಯತ್ ಖಾನ್; ಆ ಮನೆತನದ ತಾಯಿಯ ಕಡೆಯ ಎಳೆ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನಿಗೆ ತಲುಪುತ್ತದೆ. ನೂರ್ ಹುಟ್ಟಿದ್ದು 1914ರಲ್ಲಿ ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ ಹತ್ತಿರ. ವೀಣೆ ಕಲಿತರು, ಜಾತಕ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಹೇಳಿದರು. ಯುದ್ಧಕಾಲದಲ್ಲಿ ಬ್ರಿಟನ್ನಿನ ಎಸ್‌ಒಇ ಎಂಬ ಗುಪ್ತ ಕಾರ್ಯಾಚರಣೆ ಸಂಸ್ಥೆ ಅವರನ್ನು ಸೇರಿಸಿಕೊಂಡಿತು. ತರಬೇತುದಾರರ ವರದಿಗಳು ಚೆನ್ನಾಗಿರಲಿಲ್ಲ: ಬುದ್ಧಿ ಅಷ್ಟಕ್ಕಷ್ಟೆ, ಮನಸ್ಸು ಸ್ಥಿರವಿಲ್ಲ, ಈ ಕೆಲಸಕ್ಕೆ ತಕ್ಕವಳೋ ಅನುಮಾನ ಎಂಬ ಧಾಟಿ. ಆದರೂ 1943ರ ಜೂನ್ ನಡುವಿನ ಒಂದು ರಾತ್ರಿ ಸಣ್ಣ ವಿಮಾನದಲ್ಲಿ ಅವರನ್ನು ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಇಳಿಸಿದರು. ಅಲ್ಲಿಗೆ ಹೋದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವರು. ಮಕ್ಕಳ ದಾದಿ ಎಂಬ ಗುರುತಿನ ಚೀಟಿ. ಸಂಸ್ಥೆ ಹೆಂಗಸರನ್ನು ಕಳಿಸಿದ್ದಕ್ಕೆ ಸರಳ ಕಾರಣವಿತ್ತು: ವಯಸ್ಸಿನ ಗಂಡಸು ಬೀದಿಗೆ ಬಂದರೆ ಜರ್ಮನ್ ಕಾರ್ಖಾನೆಯ ದುಡಿಮೆಗೆ ಹಿಡಿದೊಯ್ಯುವ ಭಯ. ಬುಟ್ಟಿ ಕಟ್ಟಿದ ಸೈಕಲ್ ತುಳಿಯುವ ಹೆಂಗಸನ್ನು ಕಾವಲುಗಾರ ತಡೆಯುವುದು ಅಪರೂಪ.

ನೂರ್ ಬಂದ ಕೆಲವೇ ದಿನಗಳಲ್ಲಿ ಪ್ಯಾರಿಸ್ಸಿನ ಜಾಲದವರೆಲ್ಲ ಸಿಕ್ಕಿಬಿದ್ದರು. ವಾಪಸ್ ಬರಲು ಲಂಡನ್ ಹೇಳಿತು, ಇವರು ಒಪ್ಪಲಿಲ್ಲ. ಹದಿನೈದು ಕೆಜಿಯಷ್ಟು ತೂಕದ ವೈರ್‌ಲೆಸ್ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ಬದಲಾಯಿಸುತ್ತ ಅಕ್ಟೋಬರಿನವರೆಗೆ ಸುದ್ದಿ ಕಳಿಸಿದರು. ಒಮ್ಮೆ ಮೆಟ್ರೊ ರೈಲಿನಲ್ಲಿ ಇಬ್ಬರು ಜರ್ಮನರು ಪೆಟ್ಟಿಗೆಯಲ್ಲೇನಿದೆ ಎಂದು ಕೇಳಿದರಂತೆ. ಸಿನಿಮಾ ತೋರಿಸುವ ಯಂತ್ರ ಎಂದು ಹೇಳಿ, ಮುಚ್ಚಳ ತುಸು ಎತ್ತಿ ಒಳಗಿನ ಬಲ್ಬುಗಳನ್ನು ತೋರಿಸಿದರಂತೆ. ಅವರು ಅದನ್ನು ನಂಬಿ ಬಿಟ್ಟುಬಿಟ್ಟರು. ತರಬೇತುದಾರರ ಅನುಮಾನ ಪೂರ್ತಿ ಹುಸಿಯಾಗಿತ್ತು ಎನ್ನಲಾಗದು. ಕಳಿಸಿದ ಸಂದೇಶಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು, ಹಿಡಿದಾಗ ಅದು ಜರ್ಮನರಿಗೆ ಒದಗಿತು. ಆದರೆ ಬಾಯಿಯಿಂದ ಏನೂ ಹೊರಬರಲಿಲ್ಲವೆಂದು ವಿಚಾರಣೆ ಮಾಡಿದ ಜರ್ಮನ್ ಅಧಿಕಾರಿಯೇ ಯುದ್ಧದ ನಂತರ ಹೇಳಿದ. ಎರಡು ಸಲ ತಪ್ಪಿಸಿಕೊಳ್ಳಲು ನೋಡಿದರು, ತಿಂಗಳುಗಟ್ಟಲೆ ಸರಪಳಿಯಲ್ಲಿದ್ದರು. 1944ರ ಸೆಪ್ಟೆಂಬರ್ 13ರಂದು ದಾಖೌ ಶಿಬಿರದಲ್ಲಿ ಗುಂಡಿಟ್ಟರು. 1949ರಲ್ಲಿ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು. ಅದಾದ ಮೂರು ವರ್ಷಕ್ಕೆ ಫ್ಲೆಮಿಂಗ್ ತಮ್ಮ ಮೊದಲ ಕಾದಂಬರಿಗೆ ಕೈಹಾಕಿದರು.

ಪೂರ್ವಗ್ರಹದ ಇನ್ನೊಂದು ಗುಣ, ಅದು ಸ್ವಂತದವರ ಕಣ್ಣನ್ನೂ ಕಟ್ಟುತ್ತದೆ. 1947ರಲ್ಲಿ ಆಕ್ಸ್‌ಫರ್ಡ್‌ಷೈರಿನ ಗ್ರೇಟ್ ರಾಲ್‌ರೈಟ್ ಎಂಬ ಹಳ್ಳಿಯ ಮನೆಯೊಂದಕ್ಕೆ ಬ್ರಿಟನ್ನಿನ ಆಂತರಿಕ ಗುಪ್ತಚರ ಸಂಸ್ಥೆ ಎಂಐ5ನ ಇಬ್ಬರು ಗಂಡಸರು ಬಂದರು. ಬಾಗಿಲು ತೆರೆದದ್ದು ಮೂರು ಮಕ್ಕಳ ತಾಯಿ, ಜರ್ಮನಿಯಲ್ಲಿ ಹುಟ್ಟಿ ಇಂಗ್ಲಿಷನನ್ನು ಮದುವೆಯಾದವಳು. ಊರಿನವರಿಗೆ ಅವಳು ಒಳ್ಳೆಯ ಸ್ಕೋನ್ ಬೇಯಿಸುವ ನೆರೆಮನೆಯಾಕೆ. ಬಂದವರು ನೇರವಾಗಿಯೇ ಕೇಳಿದರು, ನೀನು ಹಿಂದೆ ರಷ್ಯಾದ ಪರ ಕೆಲಸ ಮಾಡಿದವಳಲ್ಲವೇ ಎಂದು. ಆಕೆ ಚಹಾ ಬೇಕೇ ಎಂದು ಕೇಳಿದಳು. ಹಳೆಯ ವಿಷಯ ಮಾತಾಡಲಾರೆ ಎಂದು ನಯವಾಗಿ ಹೇಳಿದಳು. ಚಹಾ ಕುಡಿದು ಅವರು ಹೊರಟುಹೋದರು. ಆಕೆ ಉರ್ಸುಲಾ ಕುಚಿನ್‌ಸ್ಕಿ, ಸಂಕೇತನಾಮ ಸೋನ್ಯಾ, ಸೋವಿಯತ್ ಸೇನಾ ಗುಪ್ತಚರ ವಿಭಾಗದ ಅಧಿಕಾರಿ. ಅಣುಬಾಂಬಿನ ಗುಟ್ಟು ದಾಟಿಸಿದ ವಿಜ್ಞಾನಿ ಕ್ಲಾಸ್ ಫುಕ್ಸ್‌ನನ್ನು ಯುದ್ಧಕಾಲದಲ್ಲಿ ಬ್ಯಾನ್‌ಬರಿ ಕಡೆಯ ಹಳ್ಳಿದಾರಿಗಳಲ್ಲಿ ಭೇಟಿಯಾಗಿ, ಅವನ ಕಾಗದಗಳನ್ನು ಮಾಸ್ಕೋಗೆ ಮುಟ್ಟಿಸಿದವಳು. ಪ್ರೇಮಿಗಳ ಹಾಗೆ ತೋಳು ಸೇರಿಸಿ ನಡೆದರೆ ಯಾರು ತಾನೇ ಅನುಮಾನಿಸುತ್ತಾರೆ? 1950ರಲ್ಲಿ ಫುಕ್ಸ್ ಸಿಕ್ಕಿಬಿದ್ದ. ವಿಚಾರಣೆ ಶುರುವಾಗುವ ಹೊತ್ತಿಗೆ ಸೋನ್ಯಾ ಪೂರ್ವ ಜರ್ಮನಿಗೆ ಹಾರಿದ್ದಳು. ಇವಳ ಬಗ್ಗೆ ಎಂಐ5ನಲ್ಲಿ ವರ್ಷಗಟ್ಟಲೆ ಅನುಮಾನ ಬಿಡದವರು ಒಬ್ಬರಿದ್ದರು: ಮಿಲಿಸೆಂಟ್ ಬ್ಯಾಗಟ್ ಎಂಬ ಅಧಿಕಾರಿಣಿ. ಜಾನ್ ಲ ಕಾರೆಯ ಕಾದಂಬರಿಗಳ ಕಾನಿ ಸ್ಯಾಕ್ಸ್‌ಗೆ ಮಾದರಿ ಎಂದು ಆಕೆಯನ್ನು ಹೇಳುವುದುಂಟು. ಕಾದಂಬರಿಯಲ್ಲಿ ಕಾನಿ ಕುಡಿಯುವ, ಕೊರಗುವ, ಎಲ್ಲವನ್ನೂ ನೆನಪಿಟ್ಟುಕೊಂಡ ಮುದುಕಿ. ಲ ಕಾರೆ ಬಾಂಡ್‌ನ ಠೇಂಕಾರವನ್ನೆಲ್ಲ ಕಳಚಿ ಹಾಕಿದ ಲೇಖಕ. ಹೆಂಗಸರ ವಿಷಯಕ್ಕೆ ಬಂದಾಗ ಮಾತ್ರ ಅವರ ಲೇಖನಿಯೂ ಬಹಳ ಕಾಲ ಮೋಸ ಹೋಗುವ ಮುಗ್ಧೆ, ಮೋಸ ಮಾಡುವ ಹೆಂಡತಿ ಇವರ ನಡುವೆಯೇ ಸುತ್ತಾಡಿತು.

ಹೆಣ್ಣೇ ಬಲೆ, ಗಂಡೇ ಮಿಕ ಎಂಬ ಸಿನಿಮಾದ ನಂಬಿಕೆಯನ್ನು ಪೂರ್ವ ಜರ್ಮನಿಯ ಗುಪ್ತಚರ ಮುಖ್ಯಸ್ಥ ಮಾರ್ಕುಸ್ ವೂಲ್ಫ್ ತಿರುಗಿಸಿ ಹಿಡಿದರು. ಅವರ ಗಂಡಸರು ಪಶ್ಚಿಮ ಜರ್ಮನಿಯ ಬಾನ್ ನಗರದ ಸರ್ಕಾರಿ ಕಚೇರಿಗಳ ಕಾರ್ಯದರ್ಶಿನಿಯರನ್ನು ಪ್ರೀತಿಸಿ ಕಡತ ತರಿಸಿಕೊಂಡರು. ಗಾಬ್ರಿಯೆಲೆ ಗಾಸ್ಟ್ ಎಂಬಾಕೆ ಪ್ರೇಮದಿಂದ ಶುರುವಾಗಿ, ಪಶ್ಚಿಮ ಜರ್ಮನಿಯ ಗುಪ್ತಚರ ಸಂಸ್ಥೆಯಲ್ಲೇ ಹಿರಿಯ ವಿಶ್ಲೇಷಕಿಯಾಗಿ, 1990ರವರೆಗೆ ಎರಡೂ ಕಡೆ ದುಡಿದರು. ಇದಕ್ಕಿಂತ ವಿಚಿತ್ರವಾದದ್ದು ಫ್ರೆಂಚ್ ರಾಯಭಾರ ಕಚೇರಿಯ ಬರ್ನಾರ್ ಬೂರ್ಸಿಕೊ ಪ್ರಕರಣ. 1964ರಲ್ಲಿ ಬೀಜಿಂಗ್‌ನಲ್ಲಿ ಅವನಿಗೆ ಶಿ ಪೈ ಪು ಎಂಬ ಒಪೆರಾ ಕಲಾವಿದನ ಪರಿಚಯವಾಯಿತು. ತಾನು ಗಂಡಾಗಿ ಬೆಳೆಸಲ್ಪಟ್ಟ ಹೆಣ್ಣು ಎಂದು ಶಿ ಹೇಳಿದ್ದನ್ನು ಅವನು ಹೆಚ್ಚುಕಡಿಮೆ ಇಪ್ಪತ್ತು ವರ್ಷ ನಂಬಿದ, ನಡುವೆ ಕಾಗದಪತ್ರಗಳನ್ನು ಚೀನಿಯರಿಗೆ ಕೊಟ್ಟ. 1983ರಲ್ಲಿ ಬಂಧನವಾದ ಮೇಲೆ ವೈದ್ಯರು ಶಿ ಗಂಡಸೆಂದು ಹೇಳಿದ್ದು ಬೂರ್ಸಿಕೊಗೇ ಆಘಾತ. 1986ರಲ್ಲಿ ಪ್ಯಾರಿಸ್ಸಿನಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. ನಾಚುವ, ಬೆಳಕಿಗೆ ಹೆದರುವ, ಎಲ್ಲವನ್ನೂ ಗುಟ್ಟಾಗಿಡುವ ಪೂರ್ವದೇಶದ ಹೆಣ್ಣು ಹೀಗೆಯೇ ಇರುತ್ತಾಳೆ ಎಂದು ಅವನ ತಲೆಯಲ್ಲಿ ಮೊದಲೇ ಕೂತಿತ್ತು. ಡೇವಿಡ್ ಹೆನ್ರಿ ವಾಂಗ್ 1988ರಲ್ಲಿ ಇದರ ಮೇಲೆ ನಾಟಕ ಬರೆದರು. ಬೇಹುಗಾರಿಕೆಯ ಕಥೆಗಳಲ್ಲಿ ಪೂರ್ವಗ್ರಹವನ್ನೇ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿದ ಕೃತಿ ಅದು.

ನಮ್ಮವರೇನೂ ಹಿಂದೆ ಬಿದ್ದಿಲ್ಲ. 1968ರ ‘ಜೇಡರ ಬಲೆ’ಯಿಂದ ಶುರುವಾದ ದೊರೆ-ಭಗವಾನ್ ಜೋಡಿಯ ಸಿ.ಐ.ಡಿ. 999 ಚಿತ್ರಗಳಲ್ಲಿ ರಾಜ್‌ಕುಮಾರ್ ಕನ್ನಡದ ಬಾಂಡ್ ಆದರು. ನಮ್ಮ ತಲೆಮಾರಿನ ಹಲವರಿಗೆ ಪಿಸ್ತೂಲು ಹಿಡಿಯುವ ಶೈಲಿ ಕಲಿಸಿದ ಚಿತ್ರಗಳವು, ಅವುಗಳ ಮೇಲಿನ ಅಕ್ಕರೆ ನನಗೂ ಇದೆ. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂತು. ಗೋವಾ ಭಾರತಕ್ಕೆ ಸೇರಿ ಆಗ ಏಳು ವರ್ಷ. ಆ ಕಾಲದ ಕನ್ನಡ, ಹಿಂದಿ ಚಿತ್ರಗಳಿಗೆ ಗೋವಾ ಎಂದರೆ ಕಳ್ಳಸಾಗಣೆ, ಕ್ಲಬ್ಬು, ಬಾಟಲಿ. ಮೀನು ಮಾರುವವರೂ ಮೇಷ್ಟ್ರೂ ಅಲ್ಲಿರಲಿಲ್ಲ. ಕ್ಲಬ್ಬಿನಲ್ಲಿ ಕುಣಿಯುವವಳಿಗೆ ಕ್ರಿಶ್ಚಿಯನ್ ಹೆಸರು, ಮೊಣಕಾಲ ಮೇಲಿನ ಸ್ಕರ್ಟು. ಮದುವೆಯಾಗುವವಳಿಗೆ ಸೀರೆ. ಬಾಂಡ್‌ನಿಂದ ಕಲಿತ ಪಾಠಕ್ಕೆ ನಮ್ಮದೇ ಒಗ್ಗರಣೆ.

ಇತ್ತೀಚಿನ ಹಿಂದಿ ಗೂಢಚಾರ ಚಿತ್ರಗಳಲ್ಲಿ ಹೆಂಗಸರು ಒದೆಯುತ್ತಾರೆ, ಗುಂಡು ಹಾರಿಸುತ್ತಾರೆ, ಬೈಕ್ ಓಡಿಸುತ್ತಾರೆ. ಆದರೆ ಪ್ರೀತಿ ಗಡಿಯನ್ನು ದಾಟುವುದು ಮಾತ್ರ ಒಂದೇ ದಿಕ್ಕಿನಲ್ಲಿ. 1963ರ ‘ಫ್ರಮ್ ರಷ್ಯಾ ವಿತ್ ಲವ್’ನ ತತ್ಯಾನಾ ಬಾಂಡ್‌ಗೆ ಒಲಿದಳು, 1977ರ ‘ದಿ ಸ್ಪೈ ಹೂ ಲವ್ಡ್ ಮಿ’ಯ ಸೋವಿಯತ್ ಅಧಿಕಾರಿಣಿಯೂ ಒಲಿದಳು. ‘ಏಕ್ ಥಾ ಟೈಗರ್’ನ ಝೋಯಾ ಪಾಕಿಸ್ತಾನದ ಐಎಸ್‌ಐನವಳು, ಒಲಿದದ್ದು ನಮ್ಮವನಿಗೆ. ‘ಪಠಾಣ್’ನಲ್ಲಿ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಮಾಡಿದ ಪಾತ್ರವೂ ಐಎಸ್‌ಐನದು, ಅವಳೂ ಕಡೆಗೆ ನಮ್ಮ ಪಾಳಯಕ್ಕೇ. ಶತ್ರುದೇಶದ ಹೆಣ್ಣನ್ನು ಗೆಲ್ಲುವುದು ಅರ್ಧ ಯುದ್ಧ ಗೆದ್ದ ಹಾಗೆ. ನಮ್ಮ ಏಜೆಂಟಳೊಬ್ಬಳು ಅವರ ಅಧಿಕಾರಿಗೆ ಮನಸೋತು ಅಲ್ಲೇ ಉಳಿದಳು ಎಂಬ ಚಿತ್ರಕ್ಕೆ ಹಣ ಹಾಕುವ ನಿರ್ಮಾಪಕ ಎಲ್ಲಿದ್ದಾನೆ? ಹರೀಂದರ್ ಸಿಕ್ಕಾ ಅವರ ಕಾದಂಬರಿ ಆಧರಿಸಿ ಮೇಘನಾ ಗುಲ್ಜಾರ್ 2018ರಲ್ಲಿ ಮಾಡಿದ ‘ರಾಝಿ’ ಸ್ವಲ್ಪ ಹತ್ತಿರ ಬಂತು. ಮದುವೆಯಾಗಿ ಪಾಕಿಸ್ತಾನದ ಸೇನಾ ಕುಟುಂಬ ಸೇರುವ ಸೆಹಮತ್‌ಗೆ ಅಲ್ಲಿನವರು ಮನುಷ್ಯರಾಗಿ ಕಾಣುತ್ತಾರೆ, ಅದಕ್ಕೇ ಅವಳ ಕೆಲಸ ಅವಳನ್ನು ತಿನ್ನುತ್ತದೆ.

ಅದರ ಮೇಲೆ ‘ಮಿಷನ್ ಮಜ್ನು’ ನೋಡಿದರೆ ಬೇಸರವಾಗುತ್ತದೆ. 1970ರ ದಶಕದ ರಾವಲ್ಪಿಂಡಿಯಲ್ಲಿ ದರ್ಜಿಯ ವೇಷದಲ್ಲಿರುವ ಭಾರತೀಯ ಬೇಹುಗಾರ. ಸುತ್ತ ಟೋಪಿ, ಸುರುಮದ ಕಣ್ಣು, ಮಾತಿಗೊಂದು ಆದಾಬ್. ಪಾಕಿಸ್ತಾನದ ಪ್ರೇಕ್ಷಕರು ಇದನ್ನು ಚೆನ್ನಾಗಿಯೇ ಗೇಲಿ ಮಾಡಿದರು. ಉದಯಪುರದ ಮೊಳೆ ಹಾಸಿಗೆಯನ್ನು ನಾವು ಗೇಲಿ ಮಾಡುವ ಹಾಗೆ. ನಾಯಕ ಮದುವೆಯಾಗುವ ನಸ್ರೀನ್ ಕಣ್ಣು ಕಾಣದವಳು, ಆ ಪಾತ್ರ ಕೊಡಗಿನ ರಶ್ಮಿಕಾ ಮಂದಣ್ಣ ಅವರದು. ಗಂಡ ಯಾರೆಂದು ಕಾಣಬಾರದೆಂದೇ ಕಥೆಗಾರರು ಅವಳ ಕಣ್ಣು ಕಿತ್ತುಕೊಂಡಂತಿದೆ. ಕೌಟಿಲ್ಯನ ಪಟ್ಟಿಯಲ್ಲಿ ಕುರುಡರಂತೆ ನಟಿಸುವವನೇ ಬೇಹುಗಾರ. ಎರಡು ಸಾವಿರ ವರ್ಷ ಕಳೆದ ಮೇಲೆ ಕುರುಡಿ ಬರೀ ಮೋಸ ಹೋಗಲು ಬರುತ್ತಾಳೆ.

2023ರಲ್ಲಿ ಬಾಂಡ್ ಕಾದಂಬರಿಗಳಿಗೆ ಎಪ್ಪತ್ತು ತುಂಬಿದಾಗ ಫ್ಲೆಮಿಂಗ್ ಕುಟುಂಬದ ಪ್ರಕಾಶನ ಸಂಸ್ಥೆ ಪರಿಷ್ಕೃತ ಆವೃತ್ತಿ ತಂದಿತು. ಕಪ್ಪು ಜನರ ಬಗೆಗಿನ ಕೀಳು ಪದಗಳನ್ನು, ಮುಖ್ಯವಾಗಿ ‘ಲಿವ್ ಅಂಡ್ ಲೆಟ್ ಡೈ’ಯಿಂದ, ತೆಗೆದರು. ಆ ಪುಸ್ತಕದ ಅಮೆರಿಕನ್ ಆವೃತ್ತಿಗೆ ಇಂಥ ಬದಲಾವಣೆಯನ್ನು ಫ್ಲೆಮಿಂಗ್ ತಾವೇ ಒಪ್ಪಿದ್ದರೆಂಬುದು ಅವರ ಸಮರ್ಥನೆ. ಹೆಂಗಸರ ಬಗೆಗಿನ ಮಾತುಗಳನ್ನು ಬಹುಮಟ್ಟಿಗೆ ಇದ್ದ ಹಾಗೇ ಬಿಟ್ಟರು. ನನಗೆ ಈ ತಿದ್ದುಪಡಿಯೇ ರುಚಿಸಲಿಲ್ಲ. ಪದ ತೆಗೆದರೂ ಅರ್ಧ ಚೀನೀ ಖಳ ಖಳನಾಗಿಯೇ ಇರುತ್ತಾನೆ, ದೋಣಿಗಾರ ಕ್ವಾರೆಲ್ ನಾಯಕನಿಗಾಗಿ ಸಾಯುತ್ತಲೇ ಇರುತ್ತಾನೆ. 1950ರ ದಶಕದ ಇಂಗ್ಲಿಷ್ ಬಾಬುವೊಬ್ಬ ಲೋಕವನ್ನು ಹೇಗೆ ಕಾಣುತ್ತಿದ್ದ ಎಂಬುದಕ್ಕೆ ಆ ಪುಸ್ತಕಗಳು ಒಳ್ಳೆಯ ದಾಖಲೆ. ದಾಖಲೆಗೆ ಸುಣ್ಣ ಬಳಿಯುವುದೇಕೆ?

ಹೊಸ ಪುಸ್ತಕ, ಹೊಸ ಚಿತ್ರ ಮಾಡುವವರಿಗೆ ವಸ್ತುವಿನ ಬರವಿಲ್ಲ. ಸ್ಟೆಲ್ಲಾ ರಿಮಿಂಗ್ಟನ್ 1967ರಲ್ಲಿ ದೆಹಲಿಯ ಬ್ರಿಟಿಷ್ ಹೈಕಮಿಷನ್‌ನಲ್ಲಿ ಅಧಿಕಾರಿಯೊಬ್ಬರ ಹೆಂಡತಿಯಾಗಿದ್ದವರು. ಅಲ್ಲಿನ ಎಂಐ5 ಪ್ರತಿನಿಧಿಗೆ ಅರೆಕಾಲಿಕ ಟೈಪಿಸ್ಟ್ ಬೇಕಿತ್ತು, ಸೇರಿಕೊಂಡರು. ಲಂಡನ್ನಿಗೆ ಹೋದ ಮೇಲೆ ಆ ಸಂಸ್ಥೆಯಲ್ಲಿ ಹೆಂಗಸರಿಗೊಂದು ಏಣಿ, ಗಂಡಸರಿಗೊಂದು ಏಣಿ. ಮಾಹಿತಿದಾರರನ್ನು ನಿಭಾಯಿಸುವ ಕೆಲಸ ಹೆಂಗಸರಿಗೆ ಕೊಡುತ್ತಲೇ ಇರಲಿಲ್ಲ. 1992ರಲ್ಲಿ ಅದೇ ಸಂಸ್ಥೆಯ ಮಹಾನಿರ್ದೇಶಕಿಯಾದಾಗ ಪತ್ರಿಕೆಗಳು ಗೃಹಿಣಿ ಗೂಢಚಾರಳಾದಳು ಎಂಬ ಧಾಟಿಯಲ್ಲಿ ತಲೆಬರಹ ಹಾಕಿದವು. ಮೂರು ವರ್ಷದ ನಂತರ ‘ಗೋಲ್ಡನ್‌ಐ’ನಲ್ಲಿ ಜೂಡಿ ಡೆಂಚ್ ಬಾಂಡ್‌ನ ಮೇಲಧಿಕಾರಿಯಾಗಿ ಕೂತು, ಹೆಂಗಸರನ್ನು ಕೀಳಾಗಿ ಕಾಣುವ ಹಳೆಯ ಕಾಲದ ಪಳೆಯುಳಿಕೆ ಎಂದು ಅವನ ಮುಖಕ್ಕೇ ಹೇಳಿದರು. 2025ರಲ್ಲಿ ಬ್ರಿಟನ್ನಿನ ವಿದೇಶಿ ಗುಪ್ತಚರ ಸಂಸ್ಥೆ ಎಂಐ6ಗೂ ಮೊದಲ ಬಾರಿಗೆ ಮಹಿಳಾ ಮುಖ್ಯಸ್ಥೆ ಬಂದರು, ಬ್ಲೇಸ್ ಮೆಟ್ರೆವೆಲಿ. ಅದಕ್ಕೆ ಮುಂಚೆ ಅವರು ನೋಡಿಕೊಳ್ಳುತ್ತಿದ್ದದ್ದು ಸಂಸ್ಥೆಯ ತಂತ್ರಜ್ಞಾನ ವಿಭಾಗವನ್ನು. ಅಲ್ಲಿನವರು ಆ ಹುದ್ದೆಯನ್ನು ಕರೆಯುವುದು ಕ್ಯೂ ಎಂದೇ. ಬಾಂಡ್ ಚಿತ್ರಗಳಲ್ಲಿ ಗಡಿಯಾರ, ಕಾರು, ಪೆನ್ನುಗಳನ್ನು ಮಾಡಿಕೊಡುವ ಕ್ಯೂ ಮೊದಲು ಗೊಣಗುವ ಮುದುಕನಾಗಿದ್ದ, ಆಮೇಲೆ ಕನ್ನಡಕದ ಹುಡುಗನಾದ. ಆ ಕುರ್ಚಿಯಲ್ಲಿ ಹೆಂಗಸೊಬ್ಬಳನ್ನು ಕೂರಿಸುವುದು ಅರವತ್ತು ವರ್ಷದಲ್ಲಿ ಯಾವ ಚಿತ್ರಕಥೆಗಾರನಿಗೂ ಹೊಳೆದಿಲ್ಲ.